ಮನೆ ಹೊರಗೆ ಸಿಕ್ಕಿಬಿದ್ದಾಗ: ದೋಷ ಕೀಯದೋ, ಬೀಗದ್ದೋ, ಬಾಗಿಲಿನದೋ?

ಒಂದು ರಾತ್ರಿ ತಡವಾಗಿ ಮನೆಗೆ ಬಂದೆ. ಕೀ ಬೀಗದೊಳಗೆ ಹೋಯಿತು, ಆದರೆ ತಿರುಗಲಿಲ್ಲ. ಮತ್ತೊಮ್ಮೆ ತಿರುಗಿಸಿದೆ. ಮೂರನೇ ಸಲ ಹಲ್ಲು ಕಚ್ಚಿ ತಿರುಗಿಸಿದೆ. ಟಕ್ ಅಂತ ಸದ್ದಾಯಿತು. ಅರ್ಧ ಕೀ ನನ್ನ ಬೆರಳುಗಳ ನಡುವೆ, ಇನ್ನರ್ಧ ಬೀಗದೊಳಗೆ.

ಆಮೇಲೆ ಬಂದ ಬೀಗ ರಿಪೇರಿಯವರು ಒಳಗಿನ ತುಂಡನ್ನು ಹೊರಗೆ ತೆಗೆದರು. ಎರಡೂ ತುಂಡು ಜೋಡಿಸಿ ನೋಡಿಕೊಂಡು ಹೊಸ ಕೀ ಕತ್ತರಿಸಿದರು. ಅದನ್ನು ಬೀಗಕ್ಕೆ ಹಾಕಿ, ಬಾಗಿಲನ್ನು ಹಿಡಿಯಿಂದ ಒಂಚೂರು ಮೇಲಕ್ಕೆತ್ತಿ ತಿರುಗಿಸಿದರು. ತೆರೆಯಿತು. ನನ್ನ ಬೀಗಕ್ಕೂ ಏನೂ ಆಗಿರಲಿಲ್ಲ, ಕೀಗೂ ಏನೂ ಆಗಿರಲಿಲ್ಲ. ಬಾಗಿಲು ಸ್ವಲ್ಪ ಜೋತಿತ್ತು, ಅಷ್ಟೇ. ಮುರಿದ ಕೀ ನಾನೇ ಮಾಡಿಕೊಂಡ ಹೊಸ ತೊಂದರೆ.

ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಬಾಗಿಲು ತೆರೆಯದಿದ್ದಾಗ ಬಲ ಹಾಕುವ ಮುಂಚೆ ತೊಂದರೆ ಎಲ್ಲಿದೆ ಅಂತ ಹುಡುಕಬೇಕು. ಐದು ನಿಮಿಷ ಸಾಕು.

ಮೊದಲು ಇದನ್ನು ನೋಡಿ

ಒಳಗೆ ಚಿಕ್ಕ ಮಗು ಒಂದೇ ಇದೆಯೇ? ಒಲೆ ಉರಿಯುತ್ತಿದೆಯೇ? ಹುಷಾರಿಲ್ಲದವರು ಕರೆದರೆ ಓಗೊಡುತ್ತಿಲ್ಲವೇ? ಹಾಗಿದ್ದರೆ ಮುಂದೆ ಓದಬೇಡಿ. ನಿಮ್ಮಲ್ಲಿನ ತುರ್ತು ಸಹಾಯದ ನಂಬರಿಗೆ ಫೋನ್ ಮಾಡಿ. ಅಗ್ನಿಶಾಮಕದವರ ಬಳಿ ಬಾಗಿಲು ತೆಗೆಯುವ ಸಲಕರಣೆ ಇರುತ್ತದೆ.

ಅಂಥ ಆತುರ ಇಲ್ಲದಿದ್ದರೆ ಹಿಂಬಾಗಿಲು, ಪಕ್ಕದ ಬಾಗಿಲು, ನೆಲಮಟ್ಟದ ಕಿಟಕಿಗಳನ್ನು ಒಂದು ಸುತ್ತು ನೋಡಿ ಬನ್ನಿ. ಇನ್ನೊಂದು ಕೀ ಯಾರ ಹತ್ತಿರ ಇದೆ ಅಂತ ನೆನಪು ಮಾಡಿಕೊಳ್ಳಿ. ಬಾಡಿಗೆ ಮನೆಯಾದರೆ ಮಾಲೀಕರಿಗೆ ಮೊದಲು ಹೇಳಿ. ಅವರನ್ನು ಕೇಳದೆ ಬೀಗ ಒಡೆದರೆ ಆಮೇಲೆ ಬೇರೆಯದೇ ರಗಳೆ. ಮೇಲಿನ ಮಹಡಿಯ ಬಾಲ್ಕನಿಗೆ ಪೈಪ್ ಹಿಡಿದು ಹತ್ತುವ ಯೋಚನೆ ಬಂದರೆ ಅದನ್ನು ಅಲ್ಲೇ ಬಿಟ್ಟುಬಿಡಿ.

ಬೀಗದೊಳಗೆ ಏನಿದೆ

ಇದು ಗೊತ್ತಿದ್ದರೆ ಮುಂದಿನದೆಲ್ಲ ಸುಲಭ. ಮನೆ ಬಾಗಿಲಿನ ಬಹಳಷ್ಟು ಬೀಗಗಳಲ್ಲಿ ಒಂದು ಸಿಲಿಂಡರ್ ಇರುತ್ತದೆ. ಅದರೊಳಗೆ ಸಾಲಾಗಿ ಐದೋ ಆರೋ ಸಣ್ಣ ಪಿನ್ನುಗಳು. ಒಂದೊಂದು ಪಿನ್ನೂ ಎರಡು ತುಂಡು, ಅದರ ಮೇಲೊಂದು ಸ್ಪ್ರಿಂಗ್. ಸರಿಯಾದ ಕೀ ಒಳಗೆ ಹೋದಾಗ ಅದರ ಹಲ್ಲುಗಳು ಪಿನ್ನುಗಳನ್ನು ಬೇಕಾದಷ್ಟೇ ಎತ್ತುತ್ತವೆ. ಎಲ್ಲ ಪಿನ್ನುಗಳ ನಡುವಿನ ಸೀಳು ಒಂದೇ ಗೆರೆಗೆ ಬಂದರೆ ಸಿಲಿಂಡರ್ ತಿರುಗುತ್ತದೆ. ಒಂದೇ ಒಂದು ಪಿನ್ನು ಕೂದಲೆಳೆಯಷ್ಟು ಮೇಲೆ ನಿಂತರೂ ತಿರುಗುವುದಿಲ್ಲ. ಅಮೆರಿಕದ ಲೈನಸ್ ಯೇಲ್ ಜೂನಿಯರ್ 1861ರಲ್ಲಿ ಪೇಟೆಂಟ್ ಪಡೆದ ವಿನ್ಯಾಸವೇ ಇವತ್ತಿಗೂ ಬಹುತೇಕ ಹೀಗೇ ನಡೆದುಬಂದಿದೆ.

ಸಿಲಿಂಡರ್ ತಿರುಗಿದಾಗ ಅದರ ಹಿಂದಿನ ಸಣ್ಣ ಪಟ್ಟಿಯೊಂದು ಅಗುಳಿಯನ್ನು ಎಳೆಯುತ್ತದೆ. ಅಗುಳಿ ಚೌಕಟ್ಟಿನ ತೂತಿನಿಂದ ಈಚೆ ಬರುತ್ತದೆ. ಅಂದರೆ ಕೆಡಬಹುದಾದ ಜಾಗಗಳು ನಾಲ್ಕು: ಕೀ, ಪಿನ್ನುಗಳು, ಹಿಂದಿನ ಪಟ್ಟಿ, ಅಗುಳಿ ಹೋಗಿ ಕೂರುವ ತೂತು. ಕೀ ಎಲ್ಲಿಗೆ ಬಂದು ನಿಲ್ಲುತ್ತದೆ ಅನ್ನುವುದರಿಂದ ಯಾವುದು ಅಂತ ತಿಳಿಯುತ್ತದೆ.

ಕೀ ಪೂರ್ತಿ ಒಳಗೆ ಹೋಗುತ್ತದೆ, ತಿರುಗುವುದಿಲ್ಲ

ಹೆಚ್ಚಿನವರಿಗೆ ಬರುವ ತೊಂದರೆ ಇದೇ. ನಾವು ಸುಮ್ನೆ ಕೀ ಮುರಿದುಕೊಳ್ಳುವುದೂ ಇಲ್ಲೇ.

ಮೊದಲ ಅನುಮಾನ ಬಾಗಿಲಿನ ಮೇಲಿರಲಿ. ಮರ ತೇವ ಹೀರಿದರೆ ಉಬ್ಬುತ್ತದೆ. ಬಾಗಿಲನ್ನು ಚೌಕಟ್ಟಿಗೆ ಹಿಡಿದಿಡುವ ಹಿಂಜಿನ ಸ್ಕ್ರೂ ಸಡಿಲವಾದರೆ ಬಾಗಿಲು ಜೋಲುತ್ತದೆ. ಆಗ ಅಗುಳಿ ತೂತಿನ ಅಂಚಿಗೆ ಒತ್ತಿಕೊಂಡು ಬಿಗಿಯಾಗುತ್ತದೆ. ಆ ಬಿಗಿ ನೇರ ನಿಮ್ಮ ಕೀಗೆ ಬಂದು ತಾಗುತ್ತದೆ. ನೀವು ಬೀಗ ಕೆಟ್ಟಿದೆ ಅಂದುಕೊಳ್ಳುತ್ತೀರಿ.

ಪರೀಕ್ಷೆ ಹೀಗೆ. ಕೀಯನ್ನು ಎರಡೇ ಬೆರಳಲ್ಲಿ ಹಿಡಿದು ಹಗುರವಾಗಿ ತಿರುಗಿಸುತ್ತಾ ಇರಿ. ಇನ್ನೊಂದು ಕೈಯಿಂದ ಬಾಗಿಲನ್ನು ನಿಮ್ಮ ಕಡೆಗೆ ಎಳೆಯಿರಿ. ಆಗಲಿಲ್ಲವೇ, ಒಳಕ್ಕೆ ಒತ್ತಿ. ಆಮೇಲೆ ಹಿಡಿಯಿಂದ ಮೇಲಕ್ಕೆತ್ತಿ. ಕೊನೆಗೆ ಕೆಳಕ್ಕೆ ಒತ್ತಿ. ಈ ನಾಲ್ಕರಲ್ಲಿ ಯಾವುದಾದರೂ ಒಂದಕ್ಕೆ ಕೀ ಸಲೀಸಾಗಿ ತಿರುಗಿದರೆ ರೋಗ ಬಾಗಿಲಿನದು. ಯಾವ ಕಡೆಗೆ ಒತ್ತಿದಾಗ ತೆರೆಯಿತು ಅಂತ ನೆನಪಿಟ್ಟುಕೊಳ್ಳಿ. ನಾಳೆ ರಿಪೇರಿಗೆ ಬೇಕಾಗುತ್ತದೆ.

ಹಿಡಿಯನ್ನು ಮೇಲಕ್ಕೆತ್ತಿ ಬೀಗ ಹಾಕುವಂಥ, ಮೂರ್ನಾಲ್ಕು ಕಡೆ ಕೊಕ್ಕೆ ಕೂರುವ ಬಾಗಿಲಾದರೆ, ಹಿಡಿಯನ್ನು ಗಟ್ಟಿಯಾಗಿ ಪೂರ್ತಿ ಮೇಲಕ್ಕೆ ಹಿಡಿದುಕೊಂಡೇ ಕೀ ತಿರುಗಿಸಿ ನೋಡಿ.

ಬಾಗಿಲನ್ನು ಹೇಗೆ ಅಲ್ಲಾಡಿಸಿದರೂ ಕೀ ಕದಲದಿದ್ದರೆ ಅನುಮಾನ ಕೀ ಮೇಲೆ. ಅದು ಈ ಮನೆಯದೇ ತಾನೇ? ನಗಬೇಡಿ. ಒಂದೇ ತರಹದ ಎರಡು ಕೀ ಒಂದೇ ಗೊಂಚಲಲ್ಲಿದ್ದರೆ ಕತ್ತಲಲ್ಲಿ ಯಾರಿಗಾದರೂ ತಪ್ಪುತ್ತದೆ. ಬೆಳಕಿಗೆ ಹಿಡಿದು ಬಾಗಿದೆಯೇ ಅಂತಲೂ ನೋಡಿ. ಬಾಗಿದ್ದರೆ ಸಮತಟ್ಟಾದ ಕಲ್ಲಿನ ಮೇಲಿಟ್ಟು ಮೆಲ್ಲಗೆ ಒತ್ತಿ ನೇರ ಮಾಡಬಹುದು, ಆದರೆ ಆ ಕೀಯ ಆಯಸ್ಸು ಮುಗಿಯಿತು ಅಂತಲೇ ತಿಳಿಯಿರಿ. ಒಮ್ಮೆ ಒಳಗೆ ಹೋಗುವುದಕ್ಕಷ್ಟೇ ಅದು.

ನಕಲು ಕೀಯಾದರೆ ಒಂದು ಸಣ್ಣ ಉಪಾಯವಿದೆ. ಕೀ ಪೂರ್ತಿ ತೂರಿಸಿ, ಆಮೇಲೆ ಒಂದು ಎಳೆಯಷ್ಟು ಹಿಂದಕ್ಕೆ ತನ್ನಿ, ಅರ್ಧ ಮಿಲಿಮೀಟರಿನಷ್ಟು. ಈಗ ತಿರುಗಿಸಿ. ನಕಲು ಕತ್ತರಿಸುವಾಗ ಹಲ್ಲುಗಳು ಸ್ವಲ್ಪ ಮುಂದಕ್ಕೆ ಬಿದ್ದಿದ್ದರೆ ಈ ಎಳೆಯಷ್ಟು ಜಾಗದಲ್ಲಿ ಅವು ಪಿನ್ನಿನ ಕೆಳಗೆ ಸರಿಯಾಗಿ ಬಂದು ಕೂರುತ್ತವೆ. ನಕಲಿನಿಂದ ಮಾಡಿಸಿದ ನಕಲಿನಲ್ಲಿ ಈ ತಪ್ಪು ಜಾಸ್ತಿ, ಏಕೆಂದರೆ ಮೊದಲ ನಕಲಿನ ತಪ್ಪಿಗೆ ಎರಡನೆಯದರ ತಪ್ಪೂ ಸೇರಿಕೊಳ್ಳುತ್ತದೆ. ನಕಲು ಮಾಡಿಸುವುದಾದರೆ ಯಾವಾಗಲೂ ಬೀಗದ ಜೊತೆ ಬಂದ ಮೂಲ ಕೀಯಿಂದಲೇ ಮಾಡಿಸಿ.

ಮೂರನೆಯದು ಪಿನ್ನು. ಧೂಳು, ಹಳೆಯ ಎಣ್ಣೆಯ ಜಿಡ್ಡು ಸೇರಿ ಒಂದು ಪಿನ್ನು ಮೇಲೇ ಸಿಕ್ಕಿಕೊಂಡಿರಬಹುದು. ಕೀ ಒಳಗಿಟ್ಟು ಹಗುರವಾಗಿ ತಿರುಗಿಸುತ್ತಾ, ಚಪ್ಪಲಿಯ ಹಿಮ್ಮಡಿಯಿಂದ ಬೀಗದ ಮುಖಕ್ಕೆ ನಾಲ್ಕೈದು ಸಲ ಮೆಲ್ಲಗೆ ತಟ್ಟಿ. ಸಿಕ್ಕಿಕೊಂಡ ಪಿನ್ನು ಅದುರಿ ಕೆಳಗೆ ಬೀಳುತ್ತದೆ. ಪೆನ್ಸಿಲ್ ಸಿಕ್ಕಿದರೆ ಕೀಯ ಹಲ್ಲಿಗೂ ಎರಡೂ ಮಗ್ಗುಲಿಗೂ ಕಪ್ಪಗೆ ಉಜ್ಜಿ, ಹತ್ತು ಸಲ ಒಳಗೆ ಹೊರಗೆ ಆಡಿಸಿ. ಪೆನ್ಸಿಲ್ ಕಡ್ಡಿಯಲ್ಲಿ ಗ್ರಾಫೈಟ್ ಇರುತ್ತದೆ. ಅದು ಒಣಗಿದ ಜಾರುಪುಡಿ. ಅಡುಗೆ ಎಣ್ಣೆಯನ್ನಂತೂ ಹಾಕಲೇಬೇಡಿ. ಇವತ್ತು ಬಾಗಿಲು ತೆರೆದರೂ, ಆ ಎಣ್ಣೆ ಧೂಳು ಹಿಡಿದು ಅಂಟಾಗಿ ಕೆಲವು ತಿಂಗಳಲ್ಲಿ ಮತ್ತೆ ಇಲ್ಲಿಗೇ ತಂದು ನಿಲ್ಲಿಸುತ್ತದೆ. ಗ್ರಾಫೈಟ್ ಮತ್ತು ಎಣ್ಣೆ ಎರಡನ್ನೂ ಒಟ್ಟಿಗೆ ಹಾಕಿದರೆ ಇನ್ನೂ ಕಷ್ಟ, ಒಳಗೆ ಕೆಸರಾಗುತ್ತದೆ.

ಹಿಮ ಬೀಳುವ ಕಡೆ ಬೀಗದೊಳಗೆ ನೀರು ಹೆಪ್ಪುಗಟ್ಟುವುದೂ ಉಂಟು. ಇಡೀ ಲೋಹದ ಕೀಯಾದರೆ ಅದನ್ನು ಬೆಚ್ಚಗೆ ಮಾಡಿ ತೂರಿಸಿ. ಬಿಸಿನೀರು ಸುರಿದರೆ ಅದೂ ಅಲ್ಲೇ ಹೆಪ್ಪುಗಟ್ಟುತ್ತದೆ.

ಎಷ್ಟು ಬಲ ಹಾಕಬಹುದು ಅಂತ ಕೇಳುತ್ತೀರಾ? ನನ್ನ ಲೆಕ್ಕ ಇಷ್ಟು: ಹೆಬ್ಬೆರಳು ಮತ್ತು ತೋರುಬೆರಳಿಗೆ ನೋವಾದರೆ ನಿಲ್ಲಿಸಬೇಕು. ಇಕ್ಕಳದಿಂದ ಕೀ ಹಿಡಿದು ತಿರುಗಿಸುವುದು ಅಂದರೆ ಕೀ ಮುರಿಯಲು ತೀರ್ಮಾನಿಸಿದ ಹಾಗೆ.

ಕೀ ಒಳಗೇ ಹೋಗುವುದಿಲ್ಲ, ಅಥವಾ ಅರ್ಧಕ್ಕೆ ನಿಲ್ಲುತ್ತದೆ

ಫೋನಿನ ಟಾರ್ಚ್ ಹಾಕಿ ತೂತಿನೊಳಗೆ ನೋಡಿ. ಮಣ್ಣು, ಕಡ್ಡಿ, ಹಳೆ ಕೀಯ ತುಂಡು ಕಾಣಬಹುದು. ಕೆಲವು ಜಾತಿಯ ಕಣಜಗಳು ಇಂಥ ತೂತಿನಲ್ಲಿ ಮಣ್ಣಿನ ಗೂಡು ಕಟ್ಟುತ್ತವೆ, ಬಹಳ ದಿನ ಊರಿಗೆ ಹೋಗಿ ಬಂದವರು ಇದನ್ನೂ ನೋಡಬೇಕು. ತೆಳ್ಳಗಿನ ತಂತಿಯಿಂದ ಹೊರಕ್ಕೆ ಕೆದಕಿ, ಒಳಕ್ಕೆ ತಳ್ಳಬೇಡಿ.

ಏನೂ ಕಾಣದಿದ್ದರೆ, ಒಳಗಡೆಯಿಂದ ಯಾರೋ ಕೀ ಹಾಗೇ ಬಿಟ್ಟಿರಬಹುದು. ಎರಡೂ ಕಡೆ ಕೀ ಹಾಕುವ ಸಿಲಿಂಡರುಗಳಲ್ಲಿ ಒಳಗೆ ಕೀ ಇದ್ದರೆ ಹೊರಗಿನ ಕೀ ಪೂರ್ತಿ ಹೋಗುವುದಿಲ್ಲ ಅಥವಾ ಹೋದರೂ ತಿರುಗುವುದಿಲ್ಲ. ಎರಡೂ ಕಡೆ ಕೀ ಇದ್ದರೂ ತೆರೆಯುವ ಸಿಲಿಂಡರುಗಳು ಬೇರೆ ಸಿಗುತ್ತವೆ. ಒಳಗೆ ಯಾರಾದರೂ ಮಲಗಿದ್ದರೆ ಅವರನ್ನು ಎಬ್ಬಿಸುವುದೇ ದಾರಿ. ಯಾರೂ ಇಲ್ಲದಿದ್ದರೆ, ಮತ್ತು ಅದು ತೂತಿನಿಂದ ಆಚೆ ಕಾಣುವಂಥ ಹಳೆ ಕಾಲದ ಬೀಗವಾದರೆ, ಬಾಗಿಲ ಕೆಳಗಿನ ಸಂದಿಯಲ್ಲಿ ಒಂದು ದೊಡ್ಡ ಕಾಗದ ತೂರಿಸಿ, ತಂತಿಯಿಂದ ಒಳಗಿನ ಕೀಯನ್ನು ಮೆಲ್ಲಗೆ ತಳ್ಳಿ ಬೀಳಿಸಿ, ಕಾಗದವನ್ನು ಈಚೆಗೆ ಎಳೆದುಕೊಳ್ಳಬಹುದು. ಕಥೆಯಲ್ಲಿ ಓದಿದ ಹಾಗಿದೆ ಅಲ್ವಾ? ಆದರೂ ಕೆಲಸ ಮಾಡುತ್ತದೆ, ಕೀ ಕಾಗದದ ಮೇಲೇ ಬಿದ್ದರೆ.

ಕೀ ಒಳಗೇ ಮುರಿದರೆ

ಇದು ನನ್ನ ಅನುಭವದ ವಿಷಯ. ಇನ್ನೊಂದು ಕೀ ತಂದು ಹಾಕಬೇಡಿ. ತುಂಡು ಇನ್ನೂ ಆಳಕ್ಕೆ ಹೋಗುತ್ತದೆ. ಕಡ್ಡಿಗೆ ಫೆವಿಕ್ವಿಕ್ ತರಹದ ಅಂಟು ಹಚ್ಚಿ ತುಂಡಿಗೆ ಅಂಟಿಸಿ ಎಳೆಯುವ ಉಪಾಯ ಎಲ್ಲರೂ ಹೇಳುತ್ತಾರೆ. ಒಂದು ಹನಿ ಪಿನ್ನಿಗೆ ತಾಗಿದರೆ ಇಡೀ ಸಿಲಿಂಡರ್ ಎಸೆಯಬೇಕು.

ಮೊದಲು ತೂತು ಯಾವ ದಿಕ್ಕಿನಲ್ಲಿದೆ ನೋಡಿ. ಕೀ ಅರ್ಧ ತಿರುಗಿದ್ದಾಗ ಮುರಿದಿದ್ದರೆ ಪಿನ್ನುಗಳು ತುಂಡನ್ನು ಹಿಡಿದುಕೊಂಡಿರುತ್ತವೆ, ಎಷ್ಟು ಎಳೆದರೂ ಬರುವುದಿಲ್ಲ. ಸಣ್ಣ ಸ್ಕ್ರೂಡ್ರೈವರಿನ ತುದಿಯಿಂದ ಸಿಲಿಂಡರನ್ನು ಕೀ ಹಾಕುವ, ತೆಗೆಯುವ ಸ್ಥಾನಕ್ಕೆ ತಿರುಗಿಸಿಕೊಳ್ಳಿ. ಇದೊಂದು ಗೊತ್ತಿಲ್ಲದೆ ಜನ ಗಂಟೆಗಟ್ಟಲೆ ಒದ್ದಾಡುತ್ತಾರೆ.

ತುಂಡಿನ ತುದಿ ಹೊರಗೆ ಕಂಡರೆ ತೆಳ್ಳಗಿನ ಚಿಮುಟದಿಂದ ಹಿಡಿದು ನೇರಕ್ಕೆ ಎಳೆಯಿರಿ. ದಪ್ಪ ಚಿಮುಟ ತುಂಡನ್ನು ಒಳಗೇ ತಳ್ಳುತ್ತದೆ. ತುದಿ ಕಾಣದಿದ್ದರೆ ಆಭರಣ ಮಾಡುವವರು ಬಳಸುವ ಸಣ್ಣ ಗರಗಸದ ಬ್ಲೇಡಿನ ತುಂಡು ಒಳ್ಳೆಯದು. ಅದರ ಹಲ್ಲುಗಳು ನಿಮ್ಮ ಕಡೆಗೆ ತಿರುಗಿರಬೇಕು. ಕೀಯ ಹಲ್ಲಿರುವ ಮಗ್ಗುಲಲ್ಲಿ ತೂರಿಸಿ, ಸ್ವಲ್ಪ ಓರೆ ಮಾಡಿ ಸಿಕ್ಕಿಸಿ, ಹೊರಕ್ಕೆ ಎಳೆಯಿರಿ. ಒಂದೊಂದು ಸಲಕ್ಕೆ ಒಂದೊಂದು ಮಿಲಿಮೀಟರ್ ಬಂದರೂ ಬೇಸರ ಮಾಡಿಕೊಳ್ಳಬೇಡಿ. ಎರಡೂ ತುಂಡು ಎಸೆಯದೆ ಇಟ್ಟುಕೊಳ್ಳಿ. ಜೋಡಿಸಿ ನೋಡಿದರೆ ಹೊಸ ಕೀ ಮಾಡಲು ಅವೇ ಸಾಕು.

ಕೀ ತಿರುಗುತ್ತದೆ, ಬಾಗಿಲು ತೆರೆಯುವುದಿಲ್ಲ

ಕಿವಿ ಕೊಟ್ಟು ಕೇಳಿ. ಅಗುಳಿ ಸರಿದ ಸದ್ದು ಬರುತ್ತದೆಯೇ? ಬಂದರೆ ಬೀಗ ತನ್ನ ಕೆಲಸ ಮಾಡಿದೆ. ಬಾಗಿಲು ಚೌಕಟ್ಟಿಗೆ ಅಂಟಿಕೊಂಡಿದೆ, ಅಥವಾ ಒಳಗಿನ ಮೇಲ್ಚಿಲಕ ತಾನೇ ಜಾರಿ ಬಿದ್ದಿದೆ. ಮೇಲೆ, ನಡುವೆ, ಕೆಳಗೆ ಅಂಗೈಯಿಂದ ಒತ್ತಿ ನೋಡಿ. ಎಲ್ಲಿ ಒಂಚೂರೂ ಅಲ್ಲಾಡುವುದಿಲ್ಲವೋ ಅಲ್ಲಿ ಹಿಡಿದಿದೆ. ಬರೀ ಉಬ್ಬಿದ ಬಾಗಿಲಾದರೆ ಆ ಜಾಗಕ್ಕೆ ಹೆಗಲು ಕೊಟ್ಟು ಒತ್ತಿದರೆ ಸಾಕು. ಒದೆಯಬೇಡಿ. ಬೀಗ ಬದಲಾಯಿಸುವುದು ಸಣ್ಣ ಕೆಲಸ, ಸೀಳಿದ ಚೌಕಟ್ಟು ಬಡಗಿಯ ಕೆಲಸ.

ಸದ್ದೇ ಬರದೆ ಕೀ ಗಾಳಿಯಲ್ಲಿ ತಿರುಗಿದ ಹಾಗೆ ಗರಗರ ತಿರುಗಿದರೆ ಹಿಂದಿನ ಪಟ್ಟಿ ಮುರಿದಿದೆ ಅಥವಾ ಸಿಲಿಂಡರ್ ಹಿಡಿದ ಸ್ಕ್ರೂ ಕಳಚಿದೆ. ಇದು ಹೊರಗಿನಿಂದ ನಿಮ್ಮ ಕೈಯಲ್ಲಿ ಆಗುವುದಲ್ಲ, ರಿಪೇರಿಯವರನ್ನು ಕರೆಯಿರಿ. ಹಿಡಿ ಮಾತ್ರ ಕೈಗೆ ಕಳಚಿ ಬಂದಿದ್ದರೆ ಹೆದರಬೇಡಿ. ಅದರ ಹಿಂದೆ ಚೌಕಾಕಾರದ ಕಬ್ಬಿಣದ ಕಡ್ಡಿ ಕಾಣುತ್ತದೆ. ಇಕ್ಕಳದಿಂದ ಅದನ್ನೇ ತಿರುಗಿಸಿದರೆ ಆಯಿತು. ಇಕ್ಕಳಕ್ಕೆ ಮರ್ಯಾದೆಯ ಕೆಲಸ ಇದೊಂದೇ.

ಬಾಗಿಲು ತಾನೇ ಹಾಕಿಕೊಂಡಿದೆ, ಕೀ ಒಳಗಿದೆ

ಕಸ ಹಾಕಲು ಹೊರಗೆ ಕಾಲಿಟ್ಟಿರಿ, ಗಾಳಿಗೆ ಬಾಗಿಲು ಧಡ್ ಅಂತ ಮುಚ್ಚಿತು. ಇಲ್ಲಿ ಏನೂ ಕೆಟ್ಟಿಲ್ಲ. ಬಾಗಿಲು ಮುಚ್ಚಿದರೆ ತಾನೇ ಹೋಗಿ ಕೂರುವ ಲ್ಯಾಚ್ ತನ್ನ ಕೆಲಸ ಮಾಡಿದೆ.

ಲ್ಯಾಚಿನ ನಾಲಿಗೆ ಒಂದು ಮಗ್ಗುಲಲ್ಲಿ ಓರೆಯಾಗಿರುತ್ತದೆ. ಹಿಂಜುಗಳು ಹೊರಗೆ ಕಾಣದಿದ್ದರೆ ಬಾಗಿಲು ಒಳಕ್ಕೆ ತೆರೆಯುವಂಥದ್ದು, ಆ ಓರೆ ನಿಮ್ಮ ಕಡೆಗಿದೆ. ಆಗ ಬಾಗುವ ಪ್ಲಾಸ್ಟಿಕ್ ಹಾಳೆಯೊಂದನ್ನು ಸಂದಿಯಲ್ಲಿ ತೂರಿಸಿ, ಬಾಗಿಲನ್ನು ಅಲ್ಲಾಡಿಸುತ್ತಾ ನಾಲಿಗೆಯನ್ನು ಹಿಂದಕ್ಕೆ ಜಾರಿಸಬಹುದು. ಬ್ಯಾಂಕ್ ಕಾರ್ಡ್ ಬಳಸಬೇಡಿ, ಅದು ಮುರಿಯುತ್ತದೆ. ತೆಳ್ಳಗಿನ ಪ್ಲಾಸ್ಟಿಕ್ ಬಾಟಲಿಯಿಂದ ಕತ್ತರಿಸಿದ ಹಾಳೆಯೇ ಮೇಲು. ಓರೆ ಒಳಗಡೆಗಿದ್ದರೆ, ಅಥವಾ ನಾಲಿಗೆಯ ಪಕ್ಕದಲ್ಲಿ ಇನ್ನೊಂದು ಸಣ್ಣ ಗೂಟವಿರುವ ಲ್ಯಾಚಾದರೆ, ಇದು ಆಗುವುದಿಲ್ಲ. ಆ ಗೂಟ ಇರುವುದೇ ಈ ಉಪಾಯವನ್ನು ತಡೆಯಲು. ಕೀಯಿಂದ ಅಗುಳಿ ಹಾಕಿದ ಬಾಗಿಲಿಗೂ ಇದು ನಡೆಯುವುದಿಲ್ಲ. ಹತ್ತು ನಿಮಿಷ ಪ್ರಯತ್ನಿಸಿ, ಆಗದಿದ್ದರೆ ಬಿಡಿ. ಒಂದು ಮಾತು: ನಿಮಗೆ ಎರಡು ನಿಮಿಷದಲ್ಲಿ ತೆರೆಯಿತು ಅಂದರೆ ಕಳ್ಳನಿಗೂ ಅಷ್ಟೇ ಹೊತ್ತು.

ಬಚ್ಚಲ ಬಾಗಿಲ ಚಿಲಕವನ್ನು ಮಗು ಒಳಗಿನಿಂದ ಹಾಕಿಕೊಂಡಿದ್ದರೆ ಹೊರಗಿನ ಹಿಡಿಯ ನಡುವೆ ನೋಡಿ. ಅಲ್ಲೊಂದು ಸೀಳು ಇದ್ದರೆ ನಾಣ್ಯದಿಂದ ತಿರುಗಿಸಿ, ಸಣ್ಣ ತೂತಿದ್ದರೆ ಗಟ್ಟಿ ತಂತಿ ತೂರಿಸಿ ಒತ್ತಿ. ಮಗುವಿನ ಜೊತೆ ಮಾತಾಡುತ್ತಲೇ ಇರಿ.

ನೇತಾಡುವ ಬೀಗ

ಇದರ ಕೊಂಡಿಯನ್ನು ಮೊದಲು ಬೀಗದೊಳಕ್ಕೇ ಒತ್ತಿ, ಒತ್ತಿಕೊಂಡೇ ಕೀ ತಿರುಗಿಸಿ. ಕೊಂಡಿಯನ್ನು ಎಳೆಯುತ್ತಾ ತಿರುಗಿಸುವುದು ಎಲ್ಲರ ಅಭ್ಯಾಸ, ಅದರಿಂದಲೇ ಒಳಗಿನ ಕೊಕ್ಕೆ ಬಿಗಿಯಾಗುವುದು. ತುಕ್ಕು ಹಿಡಿದಿದ್ದರೆ ತುಕ್ಕು ಬಿಡಿಸುವ ಸ್ಪ್ರೇಯನ್ನು ಕೀ ತೂತಿಗೂ ಕೊಂಡಿಯ ಬುಡಕ್ಕೂ ಹಾಕಿ ಕಾಲು ಗಂಟೆ ಬಿಡಿ. ಅದಕ್ಕೂ ಬಗ್ಗದಿದ್ದರೆ ಕೊಂಡಿ ಕತ್ತರಿಸಿ. ನೇತಾಡುವ ಬೀಗದ ಬಗ್ಗೆ ಅಷ್ಟು ಮರುಕ ಬೇಡ.

ನಂಬರ್ ಒತ್ತುವ, ಬೆರಳಚ್ಚಿನ ಲಾಕ್

ದೀಪವೂ ಇಲ್ಲ, ಸದ್ದೂ ಇಲ್ಲ ಅಂದರೆ ಬ್ಯಾಟರಿ ಮುಗಿದಿದೆ. ಇಂಥ ಹಲವು ಲಾಕ್‌ಗಳ ಹೊರಮೈ ಕೆಳಗೆ ಎರಡು ಲೋಹದ ಚುಕ್ಕೆಗಳಿರುತ್ತವೆ. ಅಲ್ಲಿಗೆ 9 ವೋಲ್ಟಿನ ಚೌಕ ಬ್ಯಾಟರಿಯ ಎರಡು ತುದಿಗಳನ್ನು ಒತ್ತಿ ಹಿಡಿದುಕೊಂಡೇ ನಂಬರ್ ಒತ್ತಬೇಕು. ಹೊಸ ಮಾದರಿಗಳಲ್ಲಿ ಚುಕ್ಕೆಯ ಬದಲು ಯುಎಸ್‌ಬಿ ತೂತು ಇರಬಹುದು, ಆಗ ಪವರ್ ಬ್ಯಾಂಕ್ ಸಾಕು. ಮುಖದ ಮೇಲಿನ ಮುಚ್ಚಳ ಜಾರಿಸಿದರೆ ಕೀ ತೂತೂ ಇರಬಹುದು. ಅದರ ಕೀ ಡಬ್ಬದ ಜೊತೆ ಬಂದಿತ್ತು. ಬಹಳ ಜನ ಅದನ್ನು ಮನೆಯೊಳಗೇ ಇಟ್ಟಿರುತ್ತಾರೆ!

ದೀಪ ಬರುತ್ತದೆ, ಆದರೆ ನಂಬರ್ ಒಪ್ಪುವುದಿಲ್ಲ ಅಂದರೆ ಕೈ ಒರೆಸಿಕೊಂಡು ನಿಧಾನವಾಗಿ ಒತ್ತಿ. ನಾಲ್ಕೈದು ಸಲ ತಪ್ಪಾದರೆ ಲಾಕ್ ಕೆಲವು ನಿಮಿಷ ತಾನೇ ನಿಲ್ಲುತ್ತದೆ, ಆಗ ಒತ್ತಿ ಪ್ರಯೋಜನವಿಲ್ಲ. ಮೋಟರ್ ಗುಯ್ ಅಂದು ಅರ್ಧಕ್ಕೆ ನಿಂತರೆ ಮತ್ತೆ ಅದೇ ಹಳೆಯ ಕಥೆ: ಅಗುಳಿ ಬಿಗಿಯಾಗಿದೆ. ಬಾಗಿಲನ್ನು ಎಳೆದು ಅಥವಾ ಒತ್ತಿ ಹಿಡಿದು ನಂಬರ್ ಹಾಕಿ.

ರಿಪೇರಿಯವರನ್ನು ಕರೆಯುವಾಗ

ಫೋನಿನಲ್ಲೇ ಕೀ ಎಲ್ಲಿಗೆ ನಿಲ್ಲುತ್ತದೆ ಅಂತ ಹೇಳಿ. "ಬಾಗಿಲು ತೆರೆಯುತ್ತಿಲ್ಲ" ಅನ್ನುವುದಕ್ಕಿಂತ "ಕೀ ಪೂರ್ತಿ ಹೋಗುತ್ತದೆ, ತಿರುಗುವುದಿಲ್ಲ" ಅಂದರೆ ಅವರಿಗೆ ಅರ್ಧ ಕೆಲಸ ಮುಗಿದ ಹಾಗೆ. ಬೀಗದ ಫೋಟೋ ಕಳಿಸಿ. ಬಂದು ಹೋಗುವುದೂ, ರಾತ್ರಿಯ ಹೆಚ್ಚುವರಿಯೂ ಸೇರಿ ಒಟ್ಟು ಎಷ್ಟು ಅಂತ ಮೊದಲೇ ಕೇಳಿ. ಬಂದವರು ಬೀಗ ಮುಟ್ಟಿಯೂ ನೋಡದೆ ಡ್ರಿಲ್ ತೆಗೆದರೆ ನಿಲ್ಲಿಸಿ ಕಾರಣ ಕೇಳಿ. ಮಾಮೂಲಿ ಬೀಗಕ್ಕೆ ಡ್ರಿಲ್ ಕೊನೆಯ ದಾರಿ. ಇದು ನಿಮ್ಮದೇ ಮನೆಯೆಂದು ಗುರುತು ಕೇಳಿದರೆ ಬೇಜಾರಾಗಬೇಡಿ. ಕೇಳದವರ ಬಗ್ಗೆಯೇ ನನಗೆ ಅನುಮಾನ.

ಮರುದಿನ

ಬಾಗಿಲು ತೆರೆದೇ ಇಟ್ಟುಕೊಂಡು ಕೀ ಹಾಕಿ ಅಗುಳಿಯನ್ನು ಹೊರಗೆ ಒಳಗೆ ಓಡಿಸಿ. ಹೀಗೆ ಸಲೀಸಾಗಿ ಓಡಿ, ಬಾಗಿಲು ಮುಚ್ಚಿದಾಗ ಮಾತ್ರ ಬಿಗಿಯಾದರೆ ಬೀಗಕ್ಕೆ ದುಡ್ಡು ಹಾಕಬೇಡಿ. ತೆರೆದಿದ್ದಾಗಲೂ ಬಿಗಿಯಾದರೆ ಮಾತ್ರ ಸಿಲಿಂಡರ್ ಬದಲಾಯಿಸಿ. ಕೀ ಕಳೆದುಹೋಗಿದ್ದರೂ ಬದಲಾಯಿಸಲೇಬೇಕು.

ನಾನು ಅಗುಳಿಯ ತುದಿಗೆ ಸೀಮೆಸುಣ್ಣ ಬಳಿದು, ಬಾಗಿಲು ಮುಚ್ಚಿ ಕೀ ತಿರುಗಿಸಿ, ಮತ್ತೆ ತೆರೆದು ನೋಡಿದೆ. ಬಿಳಿ ಗುರುತು ಚೌಕಟ್ಟಿನ ತೂತಿನ ಕೆಳ ಅಂಚಿನ ಮೇಲೆ ಬಿದ್ದಿತ್ತು. ಬಾಗಿಲು ಎರಡು ಮಿಲಿಮೀಟರ್ ಇಳಿದಿತ್ತು. ಮೇಲಿನ ಹಿಂಜಿನ ಸ್ಕ್ರೂಗಳನ್ನು ಬೆರಳಲ್ಲೇ ತಿರುಗಿಸಬಹುದಾಗಿತ್ತು, ಅಷ್ಟು ಸಡಿಲ. ಅವನ್ನು ತೆಗೆದು ಉದ್ದದ ಸ್ಕ್ರೂ ಹಾಕಿದೆ. ಈಗ ಆ ಹೊಸ ಕೀ ಎರಡೇ ಬೆರಳಲ್ಲಿ ತಿರುಗುತ್ತದೆ.